ಪದಚರ್ಚೆ: ಮನೆಯ ನಕ್ಷೆಗಳ ಕಟ್ಟಿಗೆ, ಹಳೆಯ ಹಾಳೆಗೆ, ಹೊಸ ಹಾಳೆಗೆ ಕನ್ನಡದಲ್ಲಿ ಏನೆಂದು ಬರೆಯಬೇಕು?

ಪ್ರಶ್ನೆ (ತೀರ್ಥಹಳ್ಳಿಯಿಂದ)

ಮಾನ್ಯರೇ,

ಊರಿನ ಹತ್ತಿರ ನಮ್ಮ ಅಣ್ಣನ ಮನೆಯ ಕೆಲಸ ನಡೆದಿದೆ. ಜಂಬಿಟ್ಟಿಗೆಯ ಗೋಡೆ ಕಿಟಕಿಯ ಮಟ್ಟಕ್ಕೆ ಬಂದಿದೆ. ಎಂಜಿನಿಯರು ಕೊಡುವ ಹಾಳೆಗಳೆಲ್ಲ ಇಂಗ್ಲಿಷಿನಲ್ಲಿವೆ, ಅವನ್ನು ಬಿಚ್ಚಿ ನೋಡುವ ಮೇಸ್ತ್ರಿ, ಬಡಗಿ, ವೈರಿಂಗಿನವರು ಓದುವುದು ಕನ್ನಡವನ್ನು. ಅಡುಗೆಮನೆಯ ಹಾಳೆ ಹಲವು ಸಲ ಬದಲಾಗಿದ್ದು, ಎಲ್ಲ ಪ್ರತಿಗಳೂ ಒಂದೇ ಹೆಸರು ಹೊತ್ತು ಒಂದೇ ಚೀಲದಲ್ಲಿ ಕೂತಿವೆ. ಕೆಳಗಿನ ಬಲಮೂಲೆಯ ಚೌಕದಲ್ಲಿ ಆರ್0, ಆರ್1, ಆರ್2 ಎಂದು (ಆರ್ ಎಂದರೆ ರಿವಿಷನ್, ತಿದ್ದುಪಡಿ) ಸಣ್ಣಕ್ಷರದಲ್ಲಿ ಇರುವುದಷ್ಟೇ ವ್ಯತ್ಯಾಸ. ಹಳೆಯ ಹಾಳೆ ನೋಡಿ ಸಿಂಕಿನ ಮೇಲಿನ ಕಿಟಕಿಗೆ ಜಾಗ ಬಿಟ್ಟಿದ್ದನ್ನು ಈಗ ಒಡೆದು ಸರಿಪಡಿಸಬೇಕಾಗಿದೆ.

ಲಿಂಟಲ್ (ಬಾಗಿಲು-ಕಿಟಕಿಗಳ ಮೇಲಿನ ಅಡ್ಡತೊಲೆ) ಕಾಂಕ್ರೀಟಿಗೆ ಮೊದಲು ರಬ್ಬರ್ ಮೊಹರು ಮಾಡಿಸಿ ಎಲ್ಲ ಹಾಳೆಗಳಿಗೂ ಒತ್ತಬೇಕೆಂದಿದ್ದೇನೆ. ಮೊಹರು ಮಾಡುವ ಅಂಗಡಿಯವರು ಶುಕ್ರವಾರದೊಳಗೆ ಒಕ್ಕಣೆ ಕೇಳಿದ್ದಾರೆ. ಇಡೀ ಕಟ್ಟಿಗೆ ‘ನೀಲನಕ್ಷೆ’ ಎನ್ನಬಹುದೇ? ಈಗ ನಡೆಯುವ ಹಾಳೆಗೆ, ಹಿಂದಾದ ಹಾಳೆಗೆ, ಕೆಲಸ ಮುಗಿದ ಮೇಲೆ ಇದ್ದದ್ದನ್ನು ಇದ್ದಂತೆ ತೋರಿಸುವ ಹಾಳೆಗೆ ಯಾವ ಪದಗಳನ್ನು ಬಳಸಬೇಕು?

ಉತ್ತರ (ಸಾಗರದಿಂದ)

‘ನಕ್ಷೆ’ಯೂ ಬೇಡ, ‘ಫೈಲ್’ ಕೂಡ ಬೇಡ. ಕಟ್ಟಿಗೆ ‘ಕಡತ’ ಎನ್ನಿ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿಯನ್ನು ಬೆರೆಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕವೇ ಮೂಲದ ಕಡತ. ಶೃಂಗೇರಿ ಮಠದ ಕಡತಗಳನ್ನು ಬಲ್ಲ ಮಲೆನಾಡಿನವರು ಈ ಪದಕ್ಕಾಗಿ ಬೇರೆಲ್ಲೂ ಹುಡುಕಬೇಕಿಲ್ಲ. ಬರೆದದ್ದನ್ನು ಒರೆಸಿ ಮತ್ತೆ ಬರೆಯಲು ಬರುತ್ತಿದ್ದ ಕಾರಣ, ಮತ್ತೆ ಮತ್ತೆ ತಿದ್ದುವ ಹಾಳೆಗಳ ಕಟ್ಟಿಗೆ ಅದಕ್ಕಿಂತ ಒಪ್ಪುವ ಹೆಸರಿಲ್ಲ. ಬಿಡಿ ಹಾಳೆಗೆ ‘ಗೆರೆಹಾಳೆ’, ಹಿಂದಾದದ್ದಕ್ಕೆ ‘ಕೈಬಿಟ್ಟದ್ದು’. ‘ನಕ್ಷೆ’, ‘ರದ್ದು’, ‘ಮಂಜೂರು’ ಮೂರೂ ಅರಬ್ಬಿ ಮೂಲದವು. ಕಚೇರಿಯವರು ಬಿಡುವುದಿಲ್ಲವೆಂದು ನಾವು ಅವನ್ನು ಮನೆಯೊಳಗೂ ತಂದುಕೊಳ್ಳಬೇಕಿಲ್ಲ.

ಉತ್ತರ (ಶಿವಮೊಗ್ಗದಿಂದ)

‘ಗೆರೆಹಾಳೆ’ ನಡೆಯದು. ಅಂಗಡಿಯಲ್ಲಿ ಹಾಗೆ ಕೇಳಿದರೆ ಗೆರೆ ಎಳೆದ ಬರೆಯುವ ಹಾಳೆ ಕೊಡುತ್ತಾರೆ.

ಕಡತದ ವಿಷಯದಲ್ಲಿ ಸಾಗರದವರು ಮೆಚ್ಚಿದ ಗುಣವೇ ಇಲ್ಲಿ ಬೇಡವಾದದ್ದು. ಮನೆ ಕಟ್ಟುವಾಗ ಹಳೆಯ ಹಾಳೆ ಅಳಿಯಬಾರದು. ಯಾವ ಗೋಡೆ ಯಾವಾಗ, ಯಾರ ಮಾತಿನ ಮೇಲೆ ಸರಿಯಿತು ಎಂಬ ಪ್ರಶ್ನೆ ಗುತ್ತಿಗೆದಾರರ ಬಿಲ್ಲಿನ ಹೊತ್ತಿಗೆ ಎದ್ದೇ ಏಳುತ್ತದೆ, ಆಗ ಆ ಹಾಳೆಯೇ ಸಾಕ್ಷಿ. ಕಟ್ಟಿನ ಹೊದಿಕೆಗೆ ‘ಕಡತ’ ಎಂದು ಬರೆಯಲು ನನ್ನ ಅಡ್ಡಿಯಿಲ್ಲ, ಆದರೆ ಅದು ಇಂದಿನ ಅರ್ಥದಲ್ಲಿ, ಅಂದರೆ ಕಾಗದಪತ್ರಗಳ ಫೈಲು ಎಂಬ ಅರ್ಥದಲ್ಲಿ.

‘ನೀಲನಕ್ಷೆ’ ಬೇಡ. ಆ ಹೆಸರು ಬಂದದ್ದು ಹಳೆಯ ನೀಲಿ ಅಚ್ಚಿನಿಂದ: ಇಂಗ್ಲಿಷ್ ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲಿ ಕಂಡುಕೊಂಡ ಕಬ್ಬಿಣದ ಲವಣಗಳ ಅಚ್ಚಿನಲ್ಲಿ ಬೆಳಕು ಬಿದ್ದ ಜಾಗ ನೀಲಿಯಾಗಿ, ಗೆರೆ ಬಿಳಿಯಾಗಿ ಉಳಿಯುತ್ತಿತ್ತು. ಮುಂದೆ ಬಂದ ಅಮೋನಿಯಾ ಪ್ರತಿಗಳಲ್ಲಿ ಹಾಳೆಯ ಹಿನ್ನೆಲೆಯೇ ಬಿಳಿಯಾಯಿತು. ಈಗ ಪ್ಲಾಟರಿನಲ್ಲಿ (ದೊಡ್ಡ ಹಾಳೆಗಳ ಮುದ್ರಣಯಂತ್ರ) ಬರುವ ಎ1 ಅಳತೆಯ ಹಾಳೆಯಲ್ಲಿ ನೀಲಿಯ ಗುರುತೂ ಇಲ್ಲ. ಕನ್ನಡದಲ್ಲಂತೂ ಆ ಪದ ಪತ್ರಿಕೆಗಳ ಪಾಲಾಗಿ, ಸರ್ಕಾರದ ಯೋಜನೆಗೂ ಚುನಾವಣೆಯ ತಂತ್ರಕ್ಕೂ ಬಳಕೆಯಾಗುತ್ತಿದೆ. ಮೇಸ್ತ್ರಿಯ ಬಾಯಲ್ಲಿರುವುದು ‘ಪ್ಲಾನು’, ಕಚೇರಿಯ ಬರಹದಲ್ಲಿರುವುದು ‘ನಕ್ಷೆ’. ಎರಡರಲ್ಲಿ ಯಾವುದಾದರೂ ಆಗಬಹುದು.

‘ಮಂಜೂರಾದ ನಕ್ಷೆ’ ಎಂಬುದನ್ನು ಮಾತ್ರ ಪಂಚಾಯಿತಿ ಅಥವಾ ಪುರಸಭೆ ಮೊಹರು ಒತ್ತಿಕೊಟ್ಟ ಹಾಳೆಗೇ ಮೀಸಲಿಡಬೇಕು. ಕಂಬಿಯ ಅಳತೆ, ಪೈಪಿನ ದಾರಿ ಅದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಅವು ಕೆಲಸದ ನಕ್ಷೆಯಲ್ಲಿರುತ್ತವೆ. ಕ್ರಯಪತ್ರ, ಗ್ರಾಮ ಪಂಚಾಯಿತಿಯ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11, ಋಣಭಾರ ಪತ್ರ, ಭೂಪರಿವರ್ತನೆಯ ಆದೇಶ ಇವುಗಳ ಜೊತೆಗೆ ಮಂಜೂರಾದ ನಕ್ಷೆಯ ಮೂಲಪ್ರತಿ ಮನೆಯ ಬೀರುವಿನಲ್ಲಿರಲಿ. ಹೊದಿಕೆಯ ಮೇಲೆ ‘ಹಕ್ಕುಪತ್ರ’ ಎಂದು ಬರೆದರೆ ಅದು ಸರ್ಕಾರ ಮಂಜೂರು ಮಾಡಿದ ಜಮೀನಿನ ಪತ್ರವೆಂಬ ತಪ್ಪು ತಿಳಿವಳಿಕೆಗೆ ದಾರಿಯಾಗುವುದರಿಂದ ‘ಜಾಗದ ದಾಖಲೆಗಳು’ ಎನ್ನಿ. ಕೆಲಸದ ಜಾಗಕ್ಕೆ ಹೋಗಬೇಕಾದದ್ದು ಕೆಲಸದ ನಕ್ಷೆಗಳ ಕಟ್ಟು ಮಾತ್ರ.

ಹಿಂದಾದ ಹಾಳೆಗೆ ‘ರದ್ದು’ ಎಂದೇ ಒತ್ತಿ. ‘ಕೈಬಿಟ್ಟದ್ದು’ ಎಂದು ಒತ್ತಿದರೆ ಹಾಳೆಯನ್ನು ಕೈಬಿಟ್ಟರೋ ಕಿಟಕಿಯನ್ನೇ ಕೈಬಿಟ್ಟರೋ ಎಂಬ ಸಂಶಯ ಉಳಿಯುತ್ತದೆ, ಆ ಸಂಶಯದಲ್ಲಿ ಗೋಡೆ ಏಳುತ್ತದೆ. ಬಸ್ಸು ರದ್ದಾದದ್ದು, ರಜೆ ರದ್ದಾದದ್ದು ಯಾವ ಕೂಲಿಯವರಿಗೆ ತಿಳಿಯದು? ಪದದ ಕೆಳಗೆ ‘ಬದಲಿ ಹಾಳೆ’, ‘ದಿನಾಂಕ’ ಎಂದು ಎರಡು ಖಾಲಿ ಗೆರೆಗಳಿರಲಿ. ನಡೆಯುವ ಹಾಳೆಗೆ ‘ಚಾಲ್ತಿ’ ಸಾಕು. ‘ಜಾರಿ’ ಎಂದರೆ ಕಾನೂನಿನ ವಾಸನೆ ಬರುತ್ತದೆ.

ಉತ್ತರ (ಸಾಗರದಿಂದ)

ಬಳಕೆಯಲ್ಲಿದೆ ಎಂಬುದೊಂದೇ ವಾದವಾದರೆ ಕನ್ನಡ ಇನ್ನು ಹೊಸ ಪದ ಹುಟ್ಟಿಸುವ ಅಗತ್ಯವೇ ಇಲ್ಲ. ಜಗಲಿ, ನಡುಮನೆ, ಬಚ್ಚಲು, ಮೆತ್ತು (ಅಟ್ಟ) ಇದ್ದ ಮಲೆನಾಡಿನ ಮನೆ ಇವತ್ತು ಹಾಳೆಯ ಮೇಲೆ ‘ಸಿಟೌಟ್’, ‘ಹಾಲ್’, ‘ಯುಟಿಲಿಟಿ’ ಆಗಿರುವುದೂ ಬಳಕೆಯಿಂದಲೇ.

ಉತ್ತರ (ಶಿವಮೊಗ್ಗದಿಂದ)

ಕೋಣೆಗಳ ಹೆಸರಿನಲ್ಲಿ ನಿಮ್ಮೊಡನೆ ಪೂರ್ಣವಾಗಿ ಒಪ್ಪುತ್ತೇನೆ. ಪದ ಇರುವಾಗ ಅದನ್ನು ತಳ್ಳಿ ‘ಸಿಟೌಟ್’ ಬರೆಯುವುದು ಸೋಮಾರಿತನ. ಆದರೆ ‘ರದ್ದು’ ಯಾವ ಕನ್ನಡ ಪದವನ್ನೂ ತಳ್ಳಿ ಕೂತಿಲ್ಲ. ಮೂಲವನ್ನೇ ಹಿಡಿದು ಹೊರಟರೆ ಪೋರ್ಚುಗೀಸಿನಿಂದ ಬಂದ ‘ಮೇಸ್ತ್ರಿ’ಯನ್ನೂ ಕೆಲಸದಿಂದ ಬಿಡಿಸಬೇಕಾಗುತ್ತದೆ.

ಉತ್ತರ (ಕೊಪ್ಪದಿಂದ)

ನಾಲ್ಕನೆಯ ಹಾಳೆಯನ್ನು ಇಬ್ಬರೂ ಮರೆತಿದ್ದೀರಿ. ಗೋಡೆಯೊಳಗೆ ಹೂತ ಪೈಪು, ಕೊಳವೆ, ವೈರು ನಿಜವಾಗಿ ಎಲ್ಲಿ ಹಾದುಹೋದವು ಎಂಬುದನ್ನು ಗಿಲಾವು ಬೀಳುವ ಮೊದಲೇ ಅಳತೆಯೊಡನೆ ಗುರುತಿಸಿದ ಹಾಳೆ ಅದು. ಮುಂದೆ ಮೊಳೆ ಹೊಡೆಯುವಾಗ, ಸೋರಿಕೆ ಹುಡುಕುವಾಗ ಬೇಕಾಗುವುದು ಅದೊಂದೇ. ‘ಅಂತಿಮ ನಕ್ಷೆ’ ಎನ್ನಬೇಡಿ, ಎಂಜಿನಿಯರ ಕೊನೆಯ ಹಾಳೆಗೂ ಹಾಗೆಯೇ ಹೇಳುತ್ತಾರೆ. ‘ಕಟ್ಟಿರುವಂತೆ ನಕ್ಷೆ’ ಎನ್ನಿ. ಇನ್ನೊಂದು ಮಾತು: ನಮ್ಮ ಮಳೆಗಾಲದಲ್ಲಿ ಶೆಡ್ಡಿನಲ್ಲಿಟ್ಟ ಕಾಗದಕ್ಕೆ ಬೂಸ್ಟು ಹಿಡಿಯುತ್ತದೆ, ರಬ್ಬರ್ ಮೊಹರಿನ ಶಾಯಿ ನೀರಿಗೆ ಹರಡುತ್ತದೆ. ಹಾಳೆಯನ್ನು ಮೂಲೆಯ ಚೌಕ ಮೇಲೆ ಕಾಣುವಂತೆ ಮಡಿಸಿ ಪ್ಲಾಸ್ಟಿಕ್ ಲಕೋಟೆಗೆ ಹಾಕಿ, ‘ರದ್ದು’ ಎಂಬುದನ್ನು ಆ ಚೌಕದ ಮೇಲೆಯೇ ಒತ್ತಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ವಂದನೆಗಳು. ‘ಚಾಲ್ತಿ’, ‘ರದ್ದು – ಬದಲಿ ಹಾಳೆ – ದಿನಾಂಕ’, ‘ಕಟ್ಟಿರುವಂತೆ ನಕ್ಷೆ’ ಎಂಬ ಮೂರು ಮೊಹರುಗಳಿಗೆ ಒಕ್ಕಣೆಯನ್ನು ಇಂದೇ ಕಳುಹಿಸುತ್ತಿದ್ದೇನೆ. ಹೊದಿಕೆಗೆ ‘ಕೆಲಸದ ನಕ್ಷೆಗಳ ಕಡತ’ ಎಂದು ಬರೆಸುತ್ತೇನೆ. ಸಾಗರದವರ ಮಾತಿನಂತೆ, ಮುಂದಿನ ಹಾಳೆಯಿಂದ ಕೋಣೆಗಳ ಹೆಸರನ್ನು ಕನ್ನಡದಲ್ಲಿಯೂ ಬರೆದುಕೊಡಲು ಎಂಜಿನಿಯರನ್ನು ಕೇಳಿದ್ದೇನೆ. ಜಗಲಿ, ನಡುಮನೆ, ಬಚ್ಚಲಿಗೆ ಅವರು ಒಪ್ಪಿದ್ದಾರೆ.