ದಾಸವಾಳದ ಕಡ್ಡಿ ಚಿಗುರಿ ಆಮೇಲೆ ಸಾಯುತ್ತಿದೆ, ಯಾಕೆ?

ತಾರಸಿತೋಟ, ಶಿವಮೊಗ್ಗ:
ಎಲ್ಲರಿಗೂ ನಮಸ್ಕಾರ. ನಮ್ಮ ತಾರಸಿ ಮೇಲೆ 60 ಕುಂಡ ಇವೆ. ದಾಸವಾಳವೇ 9 ಬಣ್ಣ. ಮನೆಗೆ ಬಂದವರೆಲ್ಲ "ಒಂದು ಕಡ್ಡಿ ಕೊಡಿ" ಅನ್ನುತ್ತಾರೆ. ಗಿಡ ಮಾಡಿಯೇ ಕೊಡೋಣ, ಕೈಖರ್ಚಿಗೂ ಆಗುತ್ತದೆ ಅಂತ ಆರಿದ್ರಾ ಮಳೆಯಲ್ಲಿ 40 ಕಡ್ಡಿ ನೆಟ್ಟೆ. ಮಣ್ಣು, ಸಗಣಿ ಗೊಬ್ಬರ ಸಮ ಸಮ. ಹತ್ತು ದಿನಕ್ಕೆ ಎಲ್ಲವೂ ಚಿಗುರಿದವು. ಬೆಳಿಗ್ಗೆ ಎದ್ದ ಕೂಡಲೇ ಹೋಗಿ ನೋಡುತ್ತಿದ್ದೆ. ಮೂರನೇ ವಾರ ಚಿಗುರು ಬಾಡಿತು. ಕಿತ್ತರೆ ಒಂದು ಬೇರೂ ಇಲ್ಲ, ಬುಡ ಕಪ್ಪಾಗಿ ಕೊಳೆತಿದೆ. ಉಳಿದದ್ದು 6, ಅಷ್ಟೂ ನಾಟಿ ಕೆಂಪು. ಏನು ತಪ್ಪಾಯಿತು?

ಬಾಲ್ಕನಿಬಸಳೆ, ಬೆಂಗಳೂರು:
ಗೊಬ್ಬರ ಜಾಸ್ತಿ ಆಯಿತು ಅನಿಸುತ್ತದೆ. ನಾನು ಪಾರದರ್ಶಕ ಪ್ಲಾಸ್ಟಿಕ್ ಲೋಟದ ತಳಕ್ಕೆ ತೂತು ಮಾಡಿ, ಅದರಲ್ಲಿ ಕಡ್ಡಿ ನೆಡುತ್ತೇನೆ. ಬೇರು ಬಂದರೆ ಹೊರಗಿನಿಂದಲೇ ಕಾಣುತ್ತದೆ, ಕಿತ್ತು ನೋಡಬೇಕಿಲ್ಲ. ಕಾಗದದ ಹೂವಿಗೂ ಇದನ್ನೇ ಮಾಡುತ್ತೇನೆ.

ಹಿತ್ತಲಬಾಗಿಲು, ಸಾಗರ:
ಅಕ್ಕಾ, ನಿಮ್ಮ ಪ್ರಶ್ನೆ ಓದಿ ನನ್ನ ಮೊದಲ ವರ್ಷ ನೆನಪಾಯಿತು. ಚಿಗುರು ನಂಬಬೇಡಿ. ಕಡ್ಡಿಯ ಒಳಗೆ ಕೂಡಿಟ್ಟ ಆಹಾರದಿಂದಲೇ ಎಲೆ ಬರುತ್ತದೆ, ಅದಕ್ಕೆ ಬೇರು ಬೇಕಿಲ್ಲ. ಆ ಆಹಾರ ಮುಗಿಯುವುದರೊಳಗೆ ಬೇರು ಬಂದರೆ ಬದುಕಿತು, ಇಲ್ಲವಾದರೆ ಇಲ್ಲ. ನಾನು ಆಗ ಚಿಗುರು ನೋಡಿ 25 ಗಿಡ ಮಾರಿದ್ದೆ. ಮುಂದೆ ಒಂದು ಮದುವೆ ಮನೆಯಲ್ಲಿ ಒಬ್ಬರು ಅಜ್ಜಿ ಸಿಕ್ಕಿ, "ನೀ ಕೊಟ್ಟ ಗಿಡ ಬದುಕಲಿಲ್ಲ ಮಾರಾಯ್ತಿ" ಅಂದರು. ದುಡ್ಡು ವಾಪಸ್ ಕೇಳಲಿಲ್ಲ. ಅದೇ ನನಗೆ ಜಾಸ್ತಿ ನೋವಾಯಿತು. ಅವತ್ತಿನಿಂದ ಬೇರು ಕಾಣದೆ ಒಂದು ಗಿಡವೂ ನಮ್ಮ ಮನೆಯಿಂದ ಹೊರಗೆ ಹೋಗಿಲ್ಲ.

ಕಡ್ಡಿ ಪೆನ್ಸಿಲ್ ದಪ್ಪ ಇರಲಿ. ಪೂರ್ತಿ ಹಸಿರೂ ಬೇಡ, ಬಲಿತು ಕಟ್ಟಿಗೆಯಾದದ್ದೂ ಬೇಡ. ಗಂಟಿನ ಸ್ವಲ್ಪ ಕೆಳಗೆ ಕತ್ತರಿಸಿ. ಮೊಗ್ಗು ಇದ್ದರೆ ಮನಸ್ಸು ಗಟ್ಟಿ ಮಾಡಿಕೊಂಡು ಚಿವುಟಿ. ಮೇಲಿನ ಎರಡು ಎಲೆ ಬಿಟ್ಟು ಉಳಿದದ್ದು ತೆಗೆಯಿರಿ, ಆ ಎರಡನ್ನೂ ಅರ್ಧಕ್ಕೆ ಕತ್ತರಿಸಿ. ಅರ್ಧ ದಪ್ಪ ಮರಳು, ಅರ್ಧ ತೆಂಗಿನ ನಾರಿನ ಪುಡಿ ಸಾಕು. ಸಗಣಿ ಗೊಬ್ಬರ ಬೇರು ಬರುವ ತನಕ ಬೇಡವೇ ಬೇಡ. ಗಾಯ ಇರುವ ಕಡ್ಡಿಗೆ ಅದು ಕೊಳೆ ತರುತ್ತದೆ. ಮಾಡಿನ (ಸೂರಿನ) ನೀರು ಸುರಿಯುವ ಕಡೆ ಇಡಬೇಡಿ. ನೆರಳಲ್ಲಿ, ಮೇಲೆ ಪ್ಲಾಸ್ಟಿಕ್ ಕೊಟ್ಟೆ (ಚೀಲ) ಮುಚ್ಚಿ. ಬೇರಿಗೆ 4ರಿಂದ 6 ವಾರ ಬೇಕು. ಆಮೇಲೆ ಕೊಟ್ಟೆ ತೆಗೆದು, ಸ್ವಲ್ಪ ಸ್ವಲ್ಪವೇ ಬಿಸಿಲಿಗೆ ರೂಢಿ ಮಾಡಿಸಿ.

ಇನ್ನೊಂದು ಮಾತು. ನಾಟಿ ಕೆಂಪು ಮಾತ್ರ ಉಳಿದದ್ದು ಸಹಜ. ಅದು ಬೇಲಿಗೆ ಚುಚ್ಚಿದರೂ ಬದುಕುವ ಗಿಡ. ದೊಡ್ಡ ಹೂವಿನ ಹೈಬ್ರಿಡ್ ಕಡ್ಡಿಗೆ ಬೇರು ಬರುವುದು ಕಷ್ಟ. ಅದಕ್ಕೇ ಅವನ್ನು ನಾಟಿ ಕೆಂಪಿನ ಮೇಲೆ ಕಸಿ ಮಾಡುತ್ತಾರೆ.

ದುಡ್ಡಿನ ವಿಷಯ: ನಮ್ಮ ಕಡೆ ನಾಟಿ ದಾಸವಾಳಕ್ಕೆ ಯಾರೂ ದುಡ್ಡು ಕೊಡುವುದಿಲ್ಲ, ಎಲ್ಲರ ಬೇಲಿಯಲ್ಲೂ ಇದೆ. ನಾನು ಅದನ್ನು ಸುಮ್ನೆ ಕೊಡುತ್ತೇನೆ. ಕಸಿ ಗಿಡ 120 ರೂಪಾಯಿ, ಡೇರೆ (ಡೇಲಿಯಾ) ಹೂವಿನ ಕುಡಿ 30. ಡೇರೆ ಗೆಡ್ಡೆ ಕೊಡುವಾಗ ಮೇಲಿನ ಕಾಂಡದ ತುಂಡು, ಕಣ್ಣು ಇರಲೇಬೇಕು. ಬರೀ ಗೆಡ್ಡೆ ಹೂತರೆ ಮೊಳಕೆ ಬರುವುದಿಲ್ಲ. ಬಣ್ಣದ ಹೆಸರು ಬರೆದ ಚೀಟಿ ಕಟ್ಟಿ ಕೊಡಿ. ಹಳದಿ ಅಂತ ಒಯ್ದು ಬಿಳಿ ಹೂ ಬಿಟ್ಟರೆ ಅವರಿಗೆ ಎಷ್ಟು ಬೇಜಾರು, ಅಲ್ವಾ?

ನಮ್ಮ ಅತ್ತೆ ನೆಂಟರ ಮನೆಗೆ ಹೋದರೆ ಒದ್ದೆ ಬಾಳೆಪಟ್ಟೆಯಲ್ಲಿ ಕಡ್ಡಿ ಸುತ್ತಿಕೊಂಡೇ ಬರುತ್ತಿದ್ದರು. ಎರಡು ದಿನ ಏನೂ ಆಗುತ್ತಿರಲಿಲ್ಲ. ನಾನು ಬಸ್ಸಿನಲ್ಲಿ ಗಿಡ ಕಳಿಸುವಾಗ ಈಗಲೂ ಬುಡಕ್ಕೆ ಅದನ್ನೇ ಸುತ್ತುತ್ತೇನೆ.

ಗೆಲ್ಲು, ಉಡುಪಿ:
ನಮ್ಮಲ್ಲಿ ಮಳೆಗಾಲದಲ್ಲಿ ಗೆಲ್ಲು (ಕೊಂಬೆ) ನೆಟ್ಟರೆ ಅರ್ಧ ಕೊಳೆಯುತ್ತದೆ. ಹಾಗಾಗಿ ಮಲ್ಲಿಗೆಗೆ ನಾನು ಬೇರೆ ದಾರಿ ಹಿಡಿದಿದ್ದೇನೆ. ಉದ್ದದ ಗೆಲ್ಲನ್ನು ಬಗ್ಗಿಸಿ, ಗಂಟಿನ ಹತ್ತಿರ ಸ್ವಲ್ಪ ಸಿಪ್ಪೆ ಕೆರೆದು, ಪಕ್ಕದ ಕುಂಡದ ಮಣ್ಣಲ್ಲಿ ಹೂತು ಮೇಲೆ ಕಲ್ಲು ಇಡುವುದು. ಬೇರು ಬರುವ ತನಕ ತಾಯಿ ಗಿಡವೇ ಸಾಕುತ್ತದೆ. ಎರಡು ತಿಂಗಳ ಮೇಲೆ ಕತ್ತರಿಸಿ ಬೇರೆ ಮಾಡಿದರೆ ಆಯಿತು. ಒಂದು ಗಿಡದಿಂದ ನಾಲ್ಕೈದೇ ಸಿಗುವುದು, ಆದರೆ ಸಾಯುವುದು ತುಂಬಾ ಕಡಿಮೆ.

ತಾರಸಿತೋಟ, ಶಿವಮೊಗ್ಗ:
ಕಣ್ಣು ತೆರೆಸಿದಿರಿ. ನಾನು ಕಡ್ಡಿ ಕುಂಡಗಳನ್ನು ಇಟ್ಟದ್ದು ಸರಿಯಾಗಿ ಮಾಡಿನ ನೀರು ಬೀಳುವ ಕಡೆಯೇ! ಇವತ್ತೇ ಜಾಗ ಬದಲಾಯಿಸಿದೆ. ಉಳಿದ 6 ಕೆಂಪು ಗಿಡ ಪಕ್ಕದ ಮನೆಯವರು ಕೇಳಿದ್ದಾರೆ, ಕೊಡಲಾ?

ಹಿತ್ತಲಬಾಗಿಲು, ಸಾಗರ:
ಬೇಡ ಅಕ್ಕಾ, ಅವನ್ನು ಕಸಿಗೆ ಇಟ್ಟುಕೊಳ್ಳಿ. ಕಾಂಡ ಪೆನ್ಸಿಲ್ ದಪ್ಪ ಆಗಲಿ. ಅದನ್ನು ಮೇಲಿಂದ ಸೀಳಿ, ನಿಮ್ಮ ಹಳದಿ ದಾಸವಾಳದ ಅಷ್ಟೇ ದಪ್ಪದ ಕುಡಿಯನ್ನು ಆಪಿನ (ಬೆಣೆಯ) ಹಾಗೆ ಚೂಪು ಮಾಡಿ ಕೂರಿಸಿ. ಸಿಪ್ಪೆಗೆ ಸಿಪ್ಪೆ ಕೂಡಬೇಕು. ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಿ, ಮೇಲೆ ಕೊಟ್ಟೆ ಕಟ್ಟಿ ಮೂರು ವಾರ ನೆರಳಲ್ಲಿಡಿ. ಪಕ್ಕದ ಮನೆಯವರಿಗೆ ಈಗ ಒಂದು ಕೆಂಪು ಕಡ್ಡಿ ಕೊಡಿ, ಸಾಕು.