ಡ್ರೈವ್ ಶಾಫ್ಟ್ ಕೆಲಸ ಮಾಡಿಸಿದ ಮೇಲೂ ನಡುಕ ಹೋಗಿಲ್ಲ, ದಯವಿಟ್ಟು ದಾರಿ ತೋರಿಸಿ

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಹೋಗಿದೆ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಗಾಡಿ ನಡುಗುತ್ತಿತ್ತು. ಗೇರ್‌ಬಾಕ್ಸಿನಿಂದ ಗಾಲಿಗೆ ಶಕ್ತಿ ಒಯ್ಯುವ ಡ್ರೈವ್ ಶಾಫ್ಟ್ ಹೋಗಿದೆ ಅಂತ ಗ್ಯಾರೇಜಿನವರು ಅಂದರು, ಸರಿ ಮಾಡಿ ಅಂದೆ. ದುಡ್ಡು ಎಣಿಸಿ ಕೊಟ್ಟು ಹೊರಗೆ ಬಂದರೆ ಸೇತುವೆ ದಾಟುವುದರೊಳಗೆ ಮತ್ತೆ ಅದೇ ನಡುಕ. ವಾಪಸ್ ಹೋಗಿ ಕೇಳಿದರೆ "ಹಳೇ ಗಾಡಿ ಸರ್, ಇಷ್ಟು ಇದ್ದದ್ದೇ" ಅಂತಾರೆ. ಹಳೇ ಗಾಡಿ ನಡುಗಲೇಬೇಕು ಅಂತ ಎಲ್ಲಿ ಬರೆದಿದೆ? ಅಪ್ಪ ಆಸೆಪಟ್ಟು ಕೊಂಡ ಕಾರು, ಮಾರುವ ಪ್ರಶ್ನೆಯೇ ಇಲ್ಲ. ಉಡುಪಿಯಲ್ಲಿ ಮದುವೆ ಇದೆ. ಮನೆಯವರನ್ನೆಲ್ಲ ಕೂರಿಸಿಕೊಂಡು ಆಗುಂಬೆ ಘಾಟಿ ಇಳಿಯಬೇಕು, ಮತ್ತೆ ಹತ್ತಬೇಕು. ಏನು ಬದಲಿಸಲಿ?

ಹುಬ್ಬಳ್ಳಿ_ಟೈರ್:
ವೀಲ್ ಬ್ಯಾಲೆನ್ಸಿಂಗ್ ಮಾಡಿಸ್ರಿ. ನಡುಕ ಅಂದ್ರ ಮೊದಲು ಗಾಲಿ ನೋಡಬೇಕು, ಉಳಿದದ್ದೆಲ್ಲ ಆಮೇಲೆ. ಸುಮ್ನೆ ಶಾಫ್ಟಿಗೆ ದುಡ್ಡು ಹಾಕಬ್ಯಾಡ್ರಿ.

ಮೂರು_ಸಿಲಿಂಡರ್:
ಯಾವ ಕಾರು? ಯಾವ ವರ್ಷದ್ದು? ಯಾವ ವೇಗದಲ್ಲಿ ನಡುಕ? ಸ್ಟಿಯರಿಂಗ್ ತಿರುಗಿಸಿದಾಗಲೋ, ನೇರ ಹೋಗುವಾಗಲೋ? "ಶಾಫ್ಟ್ ಕೆಲಸ" ಅಂದರೆ ಏನು ಹಾಕಿದರು? ಪೂರ್ತಿ ಶಾಫ್ಟಾ, ಬರೀ ಜಾಯಿಂಟಾ? ಇದನ್ನು ಹೇಳದೆ ಯಾರೂ ಉತ್ತರ ಕೊಡಲು ಆಗುವುದಿಲ್ಲ.

ಗುಜರಿ_ಹುಡುಕ:
ಶಾಫ್ಟಿನ ಗಾಲಿ ಕಡೆಯ ಔಟರ್ ಜಾಯಿಂಟ್ ಹೋಗಿದೆ, ಇನ್ನೇನು. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಗಾಡಿ ಬಿಡಿ. ಟಕ ಟಕ ಅಂತ ಸದ್ದು ಬಂದರೆ ಅದೇ.

ತುಂಗಾತೀರ:
ಮಾರುತಿ 800, 1998ರದ್ದು. ಕಾರ್ಬುರೇಟರ್, ನಾಲ್ಕು ಗೇರ್. ಎಡಗಡೆ ಜಾಯಿಂಟಿನ ರಬ್ಬರ್ ಹೊದಿಕೆ (ಬೂಟ್) ಹರಿದು ಗ್ರೀಸ್ ಎಲ್ಲ ರಿಮ್ಮಿನ ಒಳಗೆ ಚಿಮ್ಮಿತ್ತು. ಅಲ್ಲಿ ಔಟರ್ ಜಾಯಿಂಟ್, ಬೂಟ್ ಎರಡೂ ಹೊಸದು ಹಾಕಿದ್ದಾರೆ. ತಿರುಗಿಸುವಾಗ ಸದ್ದು ಮೊದಲೂ ಇರಲಿಲ್ಲ, ಈಗಲೂ ಇಲ್ಲ. ನೇರ ರಸ್ತೆಯಲ್ಲೇ ನಡುಗುತ್ತದೆ. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎರಡೂ ಮಾಡಿಸಿ ಆಗಿದೆ.

ಹುಬ್ಬಳ್ಳಿ_ಟೈರ್:
ಎಲ್ಲಿ ಮಾಡಿಸಿದ್ರಿ? ಮಷಿನ್ ಸರಿ ಇತ್ತಾ? ರಿಮ್ ಬೆಂಡ್ ಇದ್ರೆ ಬ್ಯಾಲೆನ್ಸ್ ಸರಿ ತೋರಿಸಿದ್ರೂ ನಡುಗತದ. ಮುಂದಿನ ಎರಡು ಗಾಲಿ ಹಿಂದಕ್ಕ ಹಾಕಿ ನೋಡ್ರಿ.

ತುಂಗಾತೀರ:
ಅದನ್ನೂ ನೋಡಿದೆ. ಏನೂ ವ್ಯತ್ಯಾಸ ಇಲ್ಲ.

ಹುಬ್ಬಳ್ಳಿ_ಟೈರ್:
ಹಂಗಾದ್ರ ಟೈರ್ ಒಳಗಿನ ಬೆಲ್ಟ್ ಬಿಟ್ಟಿರಬೇಕು. ಟೈರ್ ಎಷ್ಟು ಹಳೇದು?

ಶೆಡ್_ಅಣ್ಣ:
ಟೈರ್ ಬಿಡಿ ಅಣ್ಣ, ಅವರು ಅದಲುಬದಲು ಮಾಡಿ ನೋಡಿದ್ದಾರಲ್ಲ. ತುಂಗಾತೀರ ಅವರೇ, ಒಂದು ಪರೀಕ್ಷೆ ಮಾಡಿ. ಖಾಲಿ ರಸ್ತೆಯಲ್ಲಿ ಮೂರನೇ ಗೇರು, 40ರ ವೇಗ. ಸ್ವಲ್ಪ ಏರು ಇದ್ದರೆ ಇನ್ನೂ ಒಳ್ಳೆಯದು. ಎಕ್ಸಿಲರೇಟರ್ ಚೆನ್ನಾಗಿ ಒತ್ತಿ. ನಡುಕ ಬಂದ ತಕ್ಷಣ ಕ್ಲಚ್ ತುಳಿದು ಗಾಡಿಯನ್ನು ಹಾಗೇ ಉರುಳಲು ಬಿಡಿ. ವೇಗ ಅಷ್ಟೇ ಇದೆ, ಗಾಲಿ ಅಷ್ಟೇ ತಿರುಗುತ್ತಿದೆ. ಆದರೂ ನಡುಕ ನಿಂತರೆ ಗಾಲಿಯ ತಂಟೆ ಅಲ್ಲ. ಆಮೇಲೆ ಅದೇ 40ರಲ್ಲಿ ಎರಡನೇ ಗೇರು ಹಾಕಿ ಒತ್ತಿ ನೋಡಿ. ಎಂಜಿನ್ ಕೂರಿಸಿದ ರಬ್ಬರ್ (ಮೌಂಟಿಂಗ್) ಹೋಗಿದ್ದರೆ ಅಥವಾ ಸಿಲಿಂಡರ್ ಸರಿಯಾಗಿ ಉರಿಯದೆ ಮಿಸ್‌ಫೈರ್ ಆಗಿದ್ದರೆ ಎಂಜಿನ್ ಜಾಸ್ತಿ ತಿರುಗಿದಾಗ ನಡುಕದ ಲಯವೂ ಬದಲಾಗುತ್ತದೆ. ಲಯ ಅಷ್ಟೇ ಇದ್ದರೆ ತೊಂದರೆ ಇರುವುದು ಗೇರ್‌ಬಾಕ್ಸ್ ಆಚೆಗೆ, ಶಾಫ್ಟಿನಲ್ಲಿ.

ತುಂಗಾತೀರ:
ಮಾಡಿದೆ ಅಣ್ಣ. ಕ್ಲಚ್ ತುಳಿದ ಕೂಡಲೇ ನಿಂತಿತು! ಎರಡನೇ ಗೇರಿನಲ್ಲೂ ನಡುಕ ಹಾಗೇ, ಲಯವೂ ಅದೇ. ಸ್ಟಿಯರಿಂಗಿಗಿಂತ ಸೀಟಿನ ಕೆಳಗೆ ಜಾಸ್ತಿ ಗೊತ್ತಾಗುತ್ತದೆ. ಹಿಂದೆ ಜನ ಕೂತರೆ ಇನ್ನೂ ಜೋರು.

ಮೂರು_ಸಿಲಿಂಡರ್:
ಲೆಕ್ಕವೂ ಅದನ್ನೇ ಹೇಳುತ್ತದೆ. 800ರ ಟೈರ್ 145/70 ಆರ್12. ವ್ಯಾಸ ಸುಮಾರು 508 ಮಿ.ಮೀ., ಸುತ್ತಳತೆ ಸುಮಾರು 1.6 ಮೀಟರ್. 40 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ 11 ಮೀಟರ್, ಅಂದರೆ ಗಾಲಿ ಸೆಕೆಂಡಿಗೆ 7 ಸುತ್ತು. ಬ್ಯಾಲೆನ್ಸ್ ತಪ್ಪಿದ ಗಾಲಿ ಸುತ್ತಿಗೆ ಒಂದು ಸಲ ಜಗ್ಗುತ್ತದೆ. ಅದು ಚೆನ್ನಾಗಿ ಕೈಗೆ ಗೊತ್ತಾಗುವುದು 80 ದಾಟಿದ ಮೇಲೆ. ಶಾಫ್ಟಿನ ಗೇರ್‌ಬಾಕ್ಸ್ ಕಡೆಯ ಇನ್ನರ್ ಜಾಯಿಂಟಿನಲ್ಲಿ ಮೂರು ರೋಲರ್ ಇವೆ. ಅದು ಸವೆದರೆ ಸುತ್ತಿಗೆ ಮೂರು ಸಲ, ಅಂದರೆ 40ರಲ್ಲೇ ಸೆಕೆಂಡಿಗೆ 21 ಸಲ ಜಗ್ಗುತ್ತದೆ. ಅಷ್ಟು ಕಡಿಮೆ ವೇಗದಲ್ಲಿ ಇಷ್ಟು ಸಣ್ಣ, ಬಿರುಸಿನ ನಡುಕ ಬರುತ್ತಿದ್ದರೆ ನನ್ನ ಅನುಮಾನ ಇನ್ನರ್ ಮೇಲೆಯೇ.

ಶೆಡ್_ಅಣ್ಣ:
ಸರಿಯಾಗಿ ಹೇಳಿದಿರಿ. ಮೂರು ರೋಲರ್‌ಗಳು ಜಾಯಿಂಟಿನ ಹೊರಚಿಪ್ಪಾದ ಕಪ್ಪಿನ ಒಳಗಿನ ಮೂರು ಜಾಡಿನಲ್ಲಿ ಹಿಂದೆ ಮುಂದೆ ಜಾರುತ್ತಿರಬೇಕು. ಗಾಡಿ ವರ್ಷಗಟ್ಟಲೆ ಒಂದೇ ಎತ್ತರದಲ್ಲಿ ಓಡುವುದರಿಂದ ರೋಲರ್ ಒಂದೇ ಜಾಗದಲ್ಲಿ ಉಜ್ಜಿ ಉಜ್ಜಿ ಅಲ್ಲಿ ತಗ್ಗು ಬೀಳುತ್ತದೆ. ಎಕ್ಸಿಲರೇಟರ್ ಒತ್ತಿದಾಗ ರೋಲರ್ ಆ ತಗ್ಗಿನೊಳಗೆ ಒತ್ತಿ ಕೂರುತ್ತದೆ. ಎತ್ತಿನಗಾಡಿ ಚಕ್ರ ಗುಂಡಿಗೆ ಇಳಿದು ಹತ್ತಿದ ಹಾಗೆ ಪ್ರತಿ ಸುತ್ತಿಗೂ ಅದು ಹತ್ತಿ ಇಳಿಯಬೇಕು. ಆ ಎಳೆತವೇ ನಿಮ್ಮ ಸೀಟಿಗೆ ಬರುವುದು. ಕಾಲು ತೆಗೆದರೆ ಒತ್ತಡ ಇಲ್ಲ, ನಡುಕವೂ ಇಲ್ಲ. ಔಟರ್ ಹೊಸದು ಹಾಕಿದರೆ ಇದು ಹೇಗೆ ಹೋಗುತ್ತದೆ ಹೇಳಿ? ಹಿಂದೆ ಭಾರ ಬಿದ್ದರೆ ಮುಂಭಾಗ ಏಳುತ್ತದೆ, ಶಾಫ್ಟಿನ ಕೋನ ಜಾಸ್ತಿ ಆಗುತ್ತದೆ, ಅದಕ್ಕೇ ಜೋರಾಗುವುದು. ಅಂದ ಹಾಗೆ, ಗಾಡಿ ಎತ್ತರ ಮಾಡಿಸಿದ್ದೀರಾ?

ತುಂಗಾತೀರ:
ಹೌದು, ಮುಂದಿನ ಸ್ಪ್ರಿಂಗಿಗೆ ರಬ್ಬರ್ ಬಫರ್ ಹಾಕಿಸಿದ್ದೇನೆ. ನಮ್ಮ ಮನೆ ದಾರಿ ಕಲ್ಲಿನದು, ತಳ ಬಡಿಯುತ್ತಿತ್ತು. ನಮ್ಮ ಕಡೆ ಎಲ್ಲರೂ ಹಾಕಿಸುತ್ತಾರಲ್ವಾ?

ಶೆಡ್_ಅಣ್ಣ:
ಹಾಕಿಸುತ್ತಾರೆ, ಆದರೆ ಶಾಫ್ಟ್ ಯಾವಾಗಲೂ ಓರೆಯಾಗಿ ತಿರುಗುತ್ತದೆ. ಸವೆದ ಇನ್ನರ್ ಜಾಯಿಂಟಿಗೆ ಅದೇ ದೊಡ್ಡ ಶತ್ರು. ಮೊದಲು ಬಫರ್ ತೆಗೆದು ಓಡಿಸಿ ನೋಡಿ. ಕಡಿಮೆ ಆಗುತ್ತದೆ, ಪೂರ್ತಿ ಹೋಗುವುದಿಲ್ಲ. ಆಮೇಲೆ ಇನ್ನರ್ ಬಿಚ್ಚಿಸಿ.

ಗುಜರಿ_ಹುಡುಕ:
ಬಿಚ್ಚುವುದಾದರೆ ಪೂರ್ತಿ ಶಾಫ್ಟೇ ತಗೊಳ್ಳಿ. ಬೆಂಗಳೂರಿನ ಶಿವಾಜಿನಗರದಲ್ಲಿ ಕಂಪನಿ ಒರಿಜಿನಲ್ ಹಳೇದು ಸಿಗುತ್ತದೆ. ಹೊಸ ಲೋಕಲ್ ಮಾಲಿಗಿಂತ ನೂರು ಪಾಲು ಮೇಲು.

ಮೂರು_ಸಿಲಿಂಡರ್:
ಒಪ್ಪುವುದಿಲ್ಲ. ಆ ಹಳೇ ಶಾಫ್ಟ್ ಎಷ್ಟು ಓಡಿದೆ ಅಂತ ಯಾರಿಗೆ ಗೊತ್ತು? ಒಂದು ತಗ್ಗು ಬಿದ್ದ ಕಪ್ ತೆಗೆದು ಇನ್ನೊಂದು ತಗ್ಗು ಬಿದ್ದ ಕಪ್ ಹಾಕಿದ ಹಾಗಾಗುತ್ತದೆ. ಜೆ.ಸಿ. ರಸ್ತೆಯಲ್ಲಿ ಒಳ್ಳೆ ಕಂಪನಿಯ ಹೊಸದೇ ಸಿಗುತ್ತದಲ್ಲ.

ಗುಜರಿ_ಹುಡುಕ:
ಹೊಸದರಲ್ಲಿ ಡೂಪ್ಲಿಕೇಟ್ ಎಷ್ಟಿದೆ ಗೊತ್ತಾ? ಡಬ್ಬ ನೋಡಿ ಮೋಸ ಹೋಗುತ್ತಾರೆ ಜನ. ಹಳೇದಾದರೆ ಬೂಟ್ ಸರಿಸಿ, ಗ್ರೀಸ್ ಒರೆಸಿ, ಜಾಡಿನಲ್ಲಿ ಬೆರಳು ಆಡಿಸಿ ನೋಡಿಯೇ ಕೊಳ್ಳಬಹುದು. ಕಬ್ಬಿಣ ಮಾತಾಡುತ್ತದೆ.

ಮೂರು_ಸಿಲಿಂಡರ್:
ಅಂಗಡಿಯವನು ಬೂಟ್ ಬಿಚ್ಚಲು ಬಿಟ್ಟರೆ ತಾನೇ.

ಅಂಬಾಸಿಡರ್_ಪ್ರೇಮಿ:
ಇದಕ್ಕೇ ನಾನು ಹಿಂದಿನ ಗಾಲಿ ಎಳೆಯುವ ಗಾಡಿ ಇಟ್ಟಿರುವುದು. ನನ್ನದು ಅಂಬಾಸಿಡರ್ 1800 ಐಎಸ್‌ಜೆಡ್, ಇಸುಜು ಎಂಜಿನ್, ಐದು ಗೇರು. ಹಿಂದಿನ ಗಾಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಎರಡೂ ಕ್ರಾಸ್ ಜಾಯಿಂಟ್ ಹೊಸದು ಹಾಕಿಸಿದ್ದೇನೆ. ಗ್ರೀಸ್ ನಿಪ್ಪಲ್ ಇದೆ, ಗನ್ ಹಿಡಿದು ನಾನೇ ಗ್ರೀಸ್ ಹೊಡೆಯುತ್ತೇನೆ. ಕೆಳಗೆಲ್ಲ ತುಕ್ಕು ತೆಗೆಸಿ ಪೇಂಟ್ ಮಾಡಿಸಿದ್ದೇನೆ. ಸೀಟು ಬಿಳಿ ಟರ್ಕಿ ಟವೆಲ್ಲಿನದು. ಫೋಟೋ ಹಾಕಲಾ?

ಹುಬ್ಬಳ್ಳಿ_ಟೈರ್:
ಹಾಕ್ರಿ, ಹಾಕ್ರಿ! ಟೈರ್ ಯಾವುದು ಹಾಕೀರಿ?

ತುಂಗಾತೀರ:
ಕ್ಷಮಿಸಿ, ನನ್ನ ಗಾಡಿ ಇನ್ನೂ ನಡುಗುತ್ತಿದೆ. ಬಫರ್ ತೆಗೆಸಿದೆ, ಅಣ್ಣ ಹೇಳಿದ ಹಾಗೆ ಅರ್ಧ ಕಡಿಮೆ ಆಯಿತು. ಬೇರೆ ಗ್ಯಾರೇಜಿನಲ್ಲಿ ಎಡಗಡೆ ಇನ್ನರ್ ಬಿಚ್ಚಿಸಿ ಎದುರಿಗೇ ನಿಂತು ನೋಡಿದೆ. ಒಳಗೆ ಇದ್ದದ್ದು ಗ್ರೀಸೇ ಅಲ್ಲ, ಕಾಫಿ ಬಣ್ಣದ ನೀರು ನೀರಾದ ಕೆಸರು. ಡೀಸೆಲ್‌ನಲ್ಲಿ ತೊಳೆದ ಮೇಲೆ ಮೂರು ಜಾಡಿನಲ್ಲೂ ಒಂದೇ ಜಾಗದಲ್ಲಿ ಕನ್ನಡಿಯಂತೆ ಹೊಳೆಯುವ ಪಟ್ಟೆ ಕಾಣಿಸಿತು. ಉಗುರು ಎಳೆದರೆ ಅದರ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಒಂದು ರೋಲರ್ ಅಲ್ಲಾಡುತ್ತಿದೆ, ಒಳಗಿನ ಸೂಜಿ ಬೇರಿಂಗ್ ಒಂದೆರಡು ಉದುರಿವೆ.

ಶೆಡ್_ಅಣ್ಣ:
ಸಿಕ್ಕಿತಲ್ಲ. ಉಗುರಿಗೆ ಸಿಗುತ್ತದೆ ಅಂದರೆ ಕಪ್ ಮುಗಿಯಿತು. ಬರೀ ರೋಲರ್ ಬದಲಿಸಿದರೆ ಪ್ರಯೋಜನ ಇಲ್ಲ, ಎರಡೂ ಜೊತೆಗೆ ಹಾಕಿಸಿ. ಅಂಗಡಿಗೆ ಹೋಗುವಾಗ ಹಳೇ ಶಾಫ್ಟ್ ಕೈಯಲ್ಲೇ ಇರಲಿ. ಎಡ, ಬಲ ಶಾಫ್ಟಿನ ಉದ್ದ ಬೇರೆ. ಶಾಫ್ಟ್ ತುದಿಯ ಹಲ್ಲು ಎಣಿಸಿ, ಪಕ್ಕದಲ್ಲಿಟ್ಟು ಅಳತೆ ನೋಡಿಯೇ ದುಡ್ಡು ಕೊಡಿ. ಗ್ರೀಸ್ ಇನ್ನರ್ ಜಾಯಿಂಟಿಗೆ ಅಂತಲೇ ಇರುವ ಗ್ರೀಸೇ ಆಗಬೇಕು, ಬೇರಿಂಗಿನ ಮಾಮೂಲಿ ಗ್ರೀಸ್ ತುಂಬಬೇಡಿ. ಗೇರ್‌ಬಾಕ್ಸಿನಿಂದ ಶಾಫ್ಟ್ ತೆಗೆಯುವಾಗ ಆಯಿಲ್ ಸೀಲ್ ಹೊಸದು ಹಾಕಿಸಿ. ಗಾಲಿಯ ನಡುವಿನ ಹಬ್ ನಟ್ಟೂ, ಅದು ಸಡಿಲವಾಗದಂತೆ ಹಿಡಿಯುವ ಸ್ಪ್ಲಿಟ್ ಪಿನ್ನೂ ಹೊಸದು. ಆ ನಟ್ ಟಾರ್ಕ್ ವ್ರೆಂಚಿನಲ್ಲೇ ಬಿಗಿಯಬೇಕು. ಬಿಗಿಯುವ ಮುಂಚೆ ಗಾಡಿಯ ಭಾರ ಗಾಲಿ ಮೇಲೆ ಬಿಡಬೇಡಿ, ವೀಲ್ ಬೇರಿಂಗ್ ಹಾಳಾಗುತ್ತದೆ. ಬಲಗಡೆಯನ್ನೂ ಕೈಯಲ್ಲಿ ತಿರುಚಿ ಆಟ ಎಷ್ಟಿದೆ ನೋಡಿ.

ಗುಜರಿ_ಹುಡುಕ:
ಗೇರ್ ಆಯಿಲ್ ಹೇಗೂ ಇಳಿಸಬೇಕು. ಜಿಎಲ್-5 ದರ್ಜೆಯ ಎಣ್ಣೆ ಹಾಕಿ, ಇನ್ನೂ ಗಟ್ಟಿ ರಕ್ಷಣೆ.

ಮೂರು_ಸಿಲಿಂಡರ್:
ದಯವಿಟ್ಟು ಬೇಡ. ಜಿಎಲ್-4 ಹಾಕಿಸಿ. ಜಿಎಲ್-5ರಲ್ಲಿ ಗಂಧಕದ ಸೇರ್ಪಡೆ ಜಾಸ್ತಿ, ಹಳೇ ಗೇರ್‌ಬಾಕ್ಸಿನಲ್ಲಿ ಗೇರ್ ಸಲೀಸಾಗಿ ಬೀಳಿಸುವ ಹಿತ್ತಾಳೆ ಸಿಂಕ್ರೊ ರಿಂಗುಗಳಿಗೆ ಒಳ್ಳೆಯದಲ್ಲ.

ಗುಜರಿ_ಹುಡುಕ:
ನಾನು ಎಲ್ಲ ಗಾಡಿಗೂ ಜಿಎಲ್-5 ಹಾಕಿದ್ದೇನೆ, ಯಾವ ರಿಂಗೂ ಹೋಗಿಲ್ಲ. ಪುಸ್ತಕ ಓದಿ ಹೇಳಬೇಡಿ.

ಮೂರು_ಸಿಲಿಂಡರ್:
ಗಾಡಿ ಮಾಡಿದವರೇ ಬರೆದ ಪುಸ್ತಕ ಅದು ಸ್ವಾಮಿ. ಓದಿಯೇ ಹೇಳುತ್ತೇನೆ.

ತುಂಗಾತೀರ:
ಹೊಸ ಕಪ್, ರೋಲರ್ ಎರಡೂ ಹಾಕಿಸಿದೆ. ಜಿಎಲ್-4 ಹಾಕಿಸಿದೆ. ಏರಿನಲ್ಲಿ ಮೂರನೇ ಗೇರಿನಲ್ಲೇ ಎಳೆಯುತ್ತದೆ, ನಡುಕ ಒಂದು ಚೂರೂ ಇಲ್ಲ! ಶೆಡ್_ಅಣ್ಣ, ಮೂರು_ಸಿಲಿಂಡರ್, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಒಂದೇ ಚಿಂತೆ. ಇವತ್ತು ಬೆಳಿಗ್ಗೆ ಎಡಗಡೆ ಗೇರ್‌ಬಾಕ್ಸ್ ಕೆಳಗೆ ಎಣ್ಣೆಯ ಕಲೆ ಇದೆ. ಸೀಲ್ ಹಾಕಲು ಹೇಳಿದ್ದೆ, ಹಳೇದೇ ಚೆನ್ನಾಗಿದೆ ಅಂತ ಬಿಟ್ಟರಂತೆ.

ಶೆಡ್_ಅಣ್ಣ:
ಶಾಫ್ಟ್ ಒಳಗೆ ಕೂರಿಸುವಾಗ ಹಲ್ಲು ತಾಗಿ ಸೀಲಿನ ಅಂಚು ಹರಿದಿರಬೇಕು. ಶಾಫ್ಟ್ ಪೂರ್ತಿ ಒಳಗೆ ಕೂತು ಲಾಕ್ ರಿಂಗ್ ಹಿಡಿದಿದೆಯಾ ಅಂತಲೂ ನೋಡಿಸಿ. ಇದನ್ನು ಸರಿ ಮಾಡಿಸದೆ ಘಾಟಿಗೆ ಹೋಗಬೇಡಿ. ಸೀಲ್ ಅಗ್ಗದ್ದು, ಗೇರ್‌ಬಾಕ್ಸ್ ಅಗ್ಗದ್ದಲ್ಲ. ಸೀಲ್ ಹಾಕಿದ ಮೇಲೆ ಗಾಡಿ ಸಮತಟ್ಟು ಜಾಗದಲ್ಲಿಟ್ಟು ಲೆವೆಲ್ ಪ್ಲಗ್ ಬಿಚ್ಚಿ. ಎಣ್ಣೆ ತೂತಿನ ಅಂಚಿಗೆ ಬರುವವರೆಗೆ ತುಂಬಿಸಿ.

ಅಂಬಾಸಿಡರ್_ಪ್ರೇಮಿ:
ಫೋಟೋ ಹಾಕಿದ್ದೇನೆ ನೋಡಿ. ಮುಂದಿನ ಗ್ರಿಲ್ ಹೊಸದಾಗಿ ಕ್ರೋಮ್ ಮಾಡಿಸಿದ್ದು.

ಝೆನ್_ಮೈಸೂರು:
ಹಳೇ ಚರ್ಚೆ, ಕ್ಷಮೆ ಇರಲಿ. ನನ್ನ ಮಾರುತಿ ಝೆನ್ ಕಾರಿನಲ್ಲೂ ಹೀಗೇ ನಡುಕ, ಆದರೆ ರಿವರ್ಸ್ ಹಾಕಿದಾಗ ಒಂದು ಸಲ ಠಣ್ ಅಂತ ಹೊಡೆಯುತ್ತದೆ. ಇದೂ ಇನ್ನರ್ ಜಾಯಿಂಟಾ, ಎಂಜಿನ್ ಮೌಂಟಿಂಗಾ? ಯಾರಾದರೂ ಹೇಳಿ.