ವೈನ್ ಬಗ್ಗೆ ಕಲಿಯೋಕೆ ಎಲ್ಲಿಂದ ಶುರು ಮಾಡಲಿ? ಅನುಭವ ಇರುವವರು ಹೇಳಿ

ವೈನ್ ಬಗ್ಗೆ ಸರಿಯಾಗಿ ತಿಳಿದುಕೊಳ್ಳಬೇಕು ಅಂತ ಬಹಳ ದಿನದ ಆಸೆ. ದ್ರಾಕ್ಷಿ ತಳಿಗಳ ಪಟ್ಟಿಯನ್ನು ಬಾಯಿಪಾಠ ಮಾಡಲು ನೋಡಿದೆ, ಒಂದೂ ತಲೆಯಲ್ಲಿ ನಿಲ್ಲಲಿಲ್ಲ. ಕೆಲವು ಬಾಟಲಿಗಳ ಮೇಲೆ ದ್ರಾಕ್ಷಿಯ ಹೆಸರಿರುತ್ತದೆ, ಕೆಲವುದರ ಮೇಲೆ ಬರೀ ಊರಿನ ಹೆಸರು. ಗ್ಲಾಸಿಗೆ ಹಾಕಿ ಕೊಡುವಾಗ ಏನು ನೋಡಿಕೊಳ್ಳಬೇಕು ಅನ್ನೋದೂ ಗೊತ್ತಿಲ್ಲ. ನೀವೆಲ್ಲ ಹೇಗೆ ಕಲಿತಿರಿ?

*

ಪಟ್ಟಿಯನ್ನು ಪಕ್ಕಕ್ಕಿಡಿ. ನಾನೂ ಹಾಗೇ ಶುರು ಮಾಡಿ ಮೂರು ತಿಂಗಳು ಕಳೆದೆ. ಆಮೇಲೆ ಒಂದು ಸಂಜೆ ಎರಡು ಗ್ಲಾಸ್ ಅಕ್ಕಪಕ್ಕ ಇಟ್ಟುಕೊಂಡು ಕೂತೆ. ಎರಡೂ ಕೆಂಪು ವೈನ್, ದ್ರಾಕ್ಷಿ ತಳಿ ಮಾತ್ರ ಬೇರೆ: ಒಂದರಲ್ಲಿ ಪಿನೋ ನ್ವಾರ್, ಇನ್ನೊಂದರಲ್ಲಿ ಕ್ಯಾಬರ್ನೆ ಸೊವಿನ್ಯಾನ್. ಪಿನೋ ಬಣ್ಣ ತೆಳು, ಗ್ಲಾಸಿನ ಹಿಂದೆ ಬೆರಳಿಟ್ಟರೆ ಕಾಣುತ್ತಿತ್ತು. ಕ್ಯಾಬರ್ನೆಯಲ್ಲಿ ಬೆರಳು ಕಾಣಲೇ ಇಲ್ಲ. ಬಾಯಿಗೆ ಹಾಕಿದಾಗ ಮೊದಲನೆಯದು ಹಗುರಾಗಿ ಜಾರಿತು. ಎರಡನೆಯದು ವಸಡನ್ನೂ ಕೆನ್ನೆಯ ಒಳಭಾಗವನ್ನೂ ಹಿಡಿದುಕೊಂಡ ಹಾಗಾಯಿತು.

ಆ ಹಿಡಿತವೇ ಟ್ಯಾನಿನ್. ಅದಕ್ಕೆ ನಮ್ಮಲ್ಲಿ ಎಷ್ಟು ಚೆನ್ನಾದ ಮಾತಿದೆ ನೋಡಿ: ಒಗರು! ಇದು ಹೊಳೆದ ಮೇಲೆ ಅಲ್ಲಿಯವರೆಗೆ ಓದಿದ್ದೆಲ್ಲ ಅರ್ಥವಾಗತೊಡಗಿತು. ಒಂದು ಗುಟುಕಿನ ನಂತರ ಬಾಯಲ್ಲಿ ನೀರೂರಿದರೆ ಅದು ಹುಳಿ. ಬಾಯಿ ಒಣಗಿದರೆ ಒಗರು. ಗಂಟಲು ಬಿಸಿಯಾದರೆ ಆಲ್ಕೋಹಾಲ್. ಒಗರು ಬರುವುದು ಹೆಚ್ಚಾಗಿ ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಿಂದ. ಬಿಳಿ ವೈನಿಗೆ ರಸ ಹುದುಗುವ ಮುಂಚೆಯೇ ಸಿಪ್ಪೆ ತೆಗೆದುಬಿಡುತ್ತಾರೆ, ಅದಕ್ಕೇ ಅದರಲ್ಲಿ ಒಗರು ಕಡಿಮೆ. ಕೆಂಪು ವೈನ್ ಸಿಪ್ಪೆಯ ಜೊತೆಗೇ ಹುದುಗುತ್ತದೆ.

ಇನ್ನೊಂದು ಮಾತು. ರುಚಿ ನೋಡಿದ್ದನ್ನೆಲ್ಲ ನುಂಗಬೇಕಾಗಿಲ್ಲ. ಪಕ್ಕದಲ್ಲಿ ಒಂದು ಪಾತ್ರೆ ಇಟ್ಟುಕೊಂಡು ಉಗುಳಿ. ಈ ಕೆಲಸವನ್ನೇ ವೃತ್ತಿ ಮಾಡಿಕೊಂಡವರೂ ಹಾಗೇ ಮಾಡುತ್ತಾರೆ, ಇಲ್ಲದಿದ್ದರೆ ನಾಲ್ಕನೇ ಗ್ಲಾಸಿಗೆ ನಾಲಿಗೆ ಏನನ್ನೂ ಹೇಳುವುದಿಲ್ಲ.

*

ಊರಿನ ಹೆಸರಿನ ಗೊಂದಲ ನನಗೂ ಇತ್ತು. ಯುರೋಪಿನ ಹಳೆಯ ವೈನ್ ಪ್ರದೇಶಗಳಲ್ಲಿ ಎಲ್ಲಿ ಯಾವ ದ್ರಾಕ್ಷಿ ಬಳಸಬೇಕು ಅನ್ನೋದನ್ನು ಕಾನೂನೇ ಹೇಳುತ್ತದೆ. ಹಾಗಾಗಿ ಜಾಗ ಹೇಳಿದರೆ ದ್ರಾಕ್ಷಿ ಹೇಳಿದ ಹಾಗೆ. ಫ್ರಾನ್ಸಿನ ಶಾಬ್ಲಿ ಅಂದರೆ ಶಾರ್ಡೊನೆ ದ್ರಾಕ್ಷಿ. ಇಟಲಿಯ ಬರೋಲೊ ಅಂದರೆ ನೆಬ್ಬಿಯೊಲೊ. ಅಲ್ಲಿಯದೇ ಕಿಯಾಂಟಿಯಲ್ಲಿ ಮುಖ್ಯವಾಗಿ ಸಾಂಜೊವೆಜೆ. ಫ್ರಾನ್ಸಿನ ಸಿರಾ ಆಸ್ಟ್ರೇಲಿಯಾಕ್ಕೆ ಹೋದರೆ ಶಿರಾಜ್ ಆಗುತ್ತದೆ, ದ್ರಾಕ್ಷಿ ಅದೇ.

ಎಲ್ಲ ಪ್ರದೇಶಗಳನ್ನೂ ಒಟ್ಟಿಗೆ ಹಿಡಿಯಲು ಹೋಗಬೇಡಿ. ನಾನು ಫ್ರಾನ್ಸಿನ ಬೋರ್ಡೋ ಒಂದನ್ನೇ ಹಿಡಿದುಕೊಂಡೆ. ಅಲ್ಲಿ ನದಿಯ ಎಡದಂಡೆಯ ನೆಲದಲ್ಲಿ ಬೆಣಚುಕಲ್ಲು ಜಾಸ್ತಿ. ನೀರು ಬೇಗ ಬಸಿದುಹೋಗುತ್ತದೆ, ಕಲ್ಲು ಬಿಸಿ ಹಿಡಿದಿಡುತ್ತದೆ. ತಡವಾಗಿ ಹಣ್ಣಾಗುವ ಕ್ಯಾಬರ್ನೆಗೆ ಬೇಕಾದ್ದು ಅದೇ. ಬಲದಂಡೆಯಲ್ಲಿ ಜೇಡಿಮಣ್ಣು, ತಂಪು. ಅಲ್ಲಿ ಬೇಗ ಹಣ್ಣಾಗುವ ಮೆರ್ಲೋ ಗೆಲ್ಲುತ್ತದೆ. ಹೀಗೆ ಕಾರಣ ತಿಳಿದುಕೊಂಡರೆ ಮರೆಯುವುದಿಲ್ಲ, ಅಲ್ವಾ?

ತಳಿ ಗುರುತಿಸಲು ಬರಲಿಲ್ಲ ಅಂತ ಬೇಸರ ಮಾಡಿಕೊಳ್ಳಬೇಡಿ. ಚಿಲಿಯಲ್ಲಿ ಬೆಳೆಗಾರರೇ ಕಾರ್ಮೆನೇರ್ ಬಳ್ಳಿಗಳನ್ನು ಎಷ್ಟೋ ಕಾಲ ಮೆರ್ಲೋ ಅಂದುಕೊಂಡಿದ್ದರು. ಫ್ರಾನ್ಸಿನ ತಜ್ಞರೊಬ್ಬರು ಅದನ್ನು ಗುರುತಿಸಿದ್ದು 1994ರಲ್ಲಿ.

*

ಯಾರೂ ಇನ್ನೂ ಉಷ್ಣತೆ ಬಗ್ಗೆ ಹೇಳಿಲ್ಲ. ನನ್ನ ಪ್ರಕಾರ ದುಬಾರಿ ಗ್ಲಾಸಿಗಿಂತ ಮುಖ್ಯ ಅದು.

'ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕೊಡಿ' ಅನ್ನೋ ಮಾತನ್ನು ನಾನು ವರ್ಷಗಟ್ಟಲೆ ಹಾಗೆಯೇ ನಂಬಿದ್ದೆ. ಆದರೆ ಅದು ಹಳೆಯ ಕಾಲದ ತಣ್ಣನೆಯ ಕೋಣೆಗಳ ಮಾತು. ಗಟ್ಟಿ ಕೆಂಪು ವೈನಿಗೆ 16ರಿಂದ 18 ಡಿಗ್ರಿ ಸೆಲ್ಸಿಯಸ್ ಸಾಕು. ಅದಕ್ಕಿಂತ ಬಿಸಿಯಾದರೆ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ, ಹಣ್ಣಿನ ವಾಸನೆ ಅಡಗಿಹೋಗುತ್ತದೆ. ಬೆಚ್ಚಗಿನ ಕೋಣೆಯಲ್ಲಿದ್ದ ಬಾಟಲಿಯನ್ನು ಸುಮ್ನೆ 20 ನಿಮಿಷ ಫ್ರಿಜ್‌ನಲ್ಲಿಡಿ. ಬಿಳಿ ವೈನಿನದು ಉಲ್ಟಾ. ಫ್ರಿಜ್‌ನಿಂದ ತೆಗೆದ ಕೂಡಲೇ ಕೊಟ್ಟರೆ ಪರಿಮಳವೇ ಏಳುವುದಿಲ್ಲ. ಸ್ವಲ್ಪ ಹೊತ್ತು ಹೊರಗಿಡಿ, 8ರಿಂದ 12 ಡಿಗ್ರಿಗೆ ಬರಲಿ.

ಗ್ಲಾಸನ್ನು ಮೂರನೇ ಒಂದು ಪಾಲಷ್ಟೇ ತುಂಬಿ. ತಿರುಗಿಸಿದಾಗ ವಾಸನೆ ನಿಲ್ಲಲು ಜಾಗ ಬೇಕು. ಗ್ಲಾಸಿನ ಕೆಳಗಿನ ತೆಳು ಕಾಂಡವನ್ನು ಹಿಡಿದುಕೊಳ್ಳಿ, ವೈನಿಗೆ ಕೈಯ ಬಿಸಿ ತಾಗುವುದಿಲ್ಲ.

ನೊರೆಯುಕ್ಕುವ ವೈನ್ ತೆಗೆಯುವಾಗ ಮಾತ್ರ ಬಹಳ ಹುಷಾರು. ಶಾಂಪೇನ್ ಬಾಟಲಿಯೊಳಗಿನ ಒತ್ತಡ ಹೊರಗಿನ ಗಾಳಿಯದಕ್ಕಿಂತ ಐದಾರು ಪಟ್ಟು ಹೆಚ್ಚು. ಒಮ್ಮೆ ನನ್ನ ಕೈಯಿಂದ ಕಾರ್ಕ್ ಹಾರಿ ಪಕ್ಕದಲ್ಲಿದ್ದವರ ಹುಬ್ಬಿಗೆ ಬಡಿಯಿತು. ಕಣ್ಣು ಉಳಿದದ್ದೇ ಪುಣ್ಯ. ಅಂದಿನಿಂದ ಮೊದಲು ಚೆನ್ನಾಗಿ ತಣ್ಣಗೆ ಮಾಡುತ್ತೇನೆ, ಬಾಟಲಿಯನ್ನು ಓರೆಯಾಗಿ ಯಾರೂ ಇಲ್ಲದ ಕಡೆಗೆ ಹಿಡಿಯುತ್ತೇನೆ. ಕಾರ್ಕನ್ನು ಬಿಗಿಯಾಗಿ ಹಿಡಿದು ಬಾಟಲಿಯನ್ನು ತಿರುಗಿಸಬೇಕು. 'ಟಪ್' ಅನ್ನಬಾರದು, 'ಉಸ್' ಅನ್ನಬೇಕು.

ಉಳಿದ ವೈನನ್ನು ಮುಚ್ಚಿ ಫ್ರಿಜ್‌ನಲ್ಲಿಡಿ, ಕೆಂಪಾದರೂ ಸರಿ. ಎರಡು ಮೂರು ದಿನ ದಿನಕ್ಕೊಂದು ಗುಟುಕು ರುಚಿ ನೋಡಿ ಬರೆದಿಟ್ಟುಕೊಳ್ಳಿ. ಕೆಲವು ಮರುದಿನವೇ ಸಪ್ಪೆಯಾಗುತ್ತವೆ. ಒಗರು ಜಾಸ್ತಿ ಇದ್ದ ಕೆಲವು ಮರುದಿನ ಇನ್ನೂ ಚೆನ್ನಾಗಿರುತ್ತವೆ.